ನೆಟ್ ಹೋಯ್ತೆಂದು ರೀಸೆಟ್ ಒತ್ತಬೇಡಿ

ಮನೆಯ ಕಂಪ್ಯೂಟರಿನಲ್ಲಿ ನೆಟ್ ನಿಂತ ತಕ್ಷಣ ರೂಟರಿನ ಹಿಂಬದಿಯ ಪುಟ್ಟ ತೂತಿಗೆ ಸೇಫ್ಟಿ ಪಿನ್ ಚುಚ್ಚಿ ಹಿಡಿಯುವವರು ತುಂಬ ಜನ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಆ ತೂತಿನೊಳಗಿನ ಗುಂಡಿ ಹತ್ತು ಸೆಕೆಂಡು ಒತ್ತಿದರೆ ವೈಫೈ ಹೆಸರು, ಪಾಸ್‌ವರ್ಡ್ ಅಳಿಸುತ್ತವೆ. ಕನೆಕ್ಷನ್ ಕೊಡುವಾಗ ಕಂಪನಿಯವರು ತುಂಬಿಟ್ಟ ಲಾಗಿನ್ ವಿವರವೂ ಅನೇಕ ರೂಟರುಗಳಲ್ಲಿ ಹೋಗಿಬಿಡುತ್ತದೆ. ಆಮೇಲೆ ಲೈನ್‌ಮನ್ ದಾರಿ ಕಾಯುವುದೇ ಕೆಲಸ. ತೊಂದರೆ ಎಲ್ಲಿದೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

1. ಮೊದಲು ಫೋನ್

ಅದೇ ವೈಫೈನಲ್ಲಿರುವ ಫೋನ್ ತೆಗೆದುಕೊಂಡು ಮೊಬೈಲ್ ಡೇಟಾ ಆಫ್ ಮಾಡಿ, ಯಾವುದಾದರೂ ಹೊಸ ಪುಟ ತೆರೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆತರೆ ಈ ಪರೀಕ್ಷೆಗೆ ಅರ್ಥವಿಲ್ಲ. ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಸಿಮ್‌ನಿಂದ ನೆಟ್ ಎಳೆಯುತ್ತದೆ, ನಾವು ಸುಮ್ಮನೆ ಕಂಪ್ಯೂಟರನ್ನು ಬೈಯುತ್ತೇವೆ. ಫೋನಿನಲ್ಲಿ ಬರುತ್ತಿದ್ದರೆ ಮೂರನೇ ಹೆಜ್ಜೆಗೆ ಹೋಗಿ.

2. ಪೆಟ್ಟಿಗೆಯ ದೀಪಗಳು

ಬೆಳಕಿನ ರೂಪದಲ್ಲಿ ನೆಟ್ ತರುವ ಎಳೆ ಬಂದು ಸೇರುವ ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಕಂಬದಿಂದ ಬಂದ ಎಳೆ ತುಂಡಾಗಿರಬಹುದು, ಇಲಿಯೋ ಅಳಿಲೋ ಕಡಿದಿರಬಹುದು. ಮನೆಯೊಳಗೆ ನೋಡಬೇಕಾದ್ದು ಒಂದೇ: ಹಸಿರು ತುದಿಯ ತೆಳು ವೈರ್ ಸರಿಯಾಗಿ ಕೂತಿದೆಯೇ, ಟಿವಿ ಸ್ಟ್ಯಾಂಡಿನ ಹಿಂದೆ ಮಡಚಿಕೊಂಡಿದೆಯೇ? ಅದನ್ನು ಕೈಬಳೆಗಿಂತ ಸಣ್ಣ ಸುರುಳಿಯಾಗಿ ಸುತ್ತಿದರೆ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಅಂಗಿಯಿಂದ ಒರೆಸಬೇಡಿ, ಕಣ್ಣಿಗೆ ಹಿಡಿದು ನೋಡಲೇಬೇಡಿ. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಪಿಒಎನ್ ದೀಪ (ಕಂಪನಿಯ ಫೈಬರ್ ಜಾಲ ಸಿಕ್ಕಿದೆ ಎಂದು ತೋರಿಸುವುದು) ಸ್ಥಿರವಾಗಿದ್ದು ಇಂಟರ್‌ನೆಟ್ ದೀಪ ಮಾತ್ರ ಕೆಂಪಗಿದ್ದರೆ ಅಥವಾ ಆರಿದ್ದರೆ ಬೆಳಕು ಬರುತ್ತಿದೆ, ಲಾಗಿನ್ ಆಗುತ್ತಿಲ್ಲ. ರೀಚಾರ್ಜ್ ಮುಗಿದಿದೆಯೇ ನೋಡಿ. ನಗಬೇಡಿ, ಬಹಳ ಮನೆಗಳಲ್ಲಿ ಕಾರಣ ಇಷ್ಟೇ.

ದೀಪಗಳೆಲ್ಲ ಸರಿಯಿದ್ದರೆ ಪವರ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಎರಡು ನಿಮಿಷ ಕಾಯಿರಿ. ಫೈಬರ್ ಪೆಟ್ಟಿಗೆ, ರೂಟರ್ ಬೇರೆಬೇರೆಯಾಗಿದ್ದರೆ ಮೊದಲು ಪೆಟ್ಟಿಗೆ, ಆಮೇಲೆ ರೂಟರ್.

3. ಪಿಂಗ್: ಎಲ್ಲರೂ ಎಡವುವ ಜಾಗ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ ಎಂದು ಟೈಪಿಸಿ ಎಂಟರ್ ಕೊಡಿ. ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಹೊಡೆಯಿರಿ (ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ: cmd, ipconfig). ಸಾಲುಸಾಲು ಅಂಕಿಗಳ ನಡುವೆ ನಮಗೆ ಬೇಕಾದ್ದು ಎರಡು: ಐಪಿವಿ4 ಅಡ್ರೆಸ್ (ಕಂಪ್ಯೂಟರಿನ ವಿಳಾಸ) ಮತ್ತು ಡಿಫಾಲ್ಟ್ ಗೇಟ್‌ವೇ (ರೂಟರಿನ ವಿಳಾಸ). ಅಡ್ರೆಸ್ 169.254 ಎಂದು ಶುರುವಾದರೆ ರೂಟರಿನಿಂದ ಕಂಪ್ಯೂಟರಿಗೆ ವಿಳಾಸವೇ ಸಿಕ್ಕಿಲ್ಲ, ಅದು ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ. ಕೇಬಲ್ ಕಿತ್ತು ಹಾಕಿ, ಅಥವಾ ವೈಫೈ ಕಡಿದು ಮತ್ತೆ ಸೇರಿಸಿ.

ಅಡ್ರೆಸ್ 192.168 ಎಂದು ಶುರುವಾಗುತ್ತಿದ್ದರೆ ಈಗ ಮೂರು ಸಲ ಪಿಂಗ್ ಮಾಡಬೇಕು, ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಬೇಕು. ಈ ಕ್ರಮ ತಪ್ಪಿಸಬೇಡಿ.

ಮೊದಲನೆಯದು ಗೇಟ್‌ವೇಗೆ. ಪಿಂಗ್ ಎಂದು ಬರೆದು ಜಾಗ ಬಿಟ್ಟು ಆ ಅಂಕಿ, ಸಾಮಾನ್ಯವಾಗಿ 192.168.1.1, ಮತ್ತೆ ಜಾಗ ಬಿಟ್ಟು ಅಡ್ಡಗೀಟು, ಟಿ (ping 192.168.1.1 -t). ನಿಲ್ಲಿಸುವವರೆಗೆ ಓಡುತ್ತಿರುತ್ತದೆ, ಕಂಟ್ರೋಲ್ ಮತ್ತು ಸಿ ಒತ್ತಿದರೆ ನಿಲ್ಲುತ್ತದೆ. ಕೇಬಲ್‌ನಲ್ಲಿ ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸು, ಒಳ್ಳೆಯ ವೈಫೈನಲ್ಲಿ ಹತ್ತರೊಳಗೆ ಬರಬೇಕು. ಇಲ್ಲೇ ನೂರಾರು ತೋರಿಸಿದರೆ, ನಡುನಡುವೆ ಟೈಮ್ಡ್ ಔಟ್ (ಹೊತ್ತಿಗೆ ಸರಿಯಾಗಿ ಉತ್ತರವಿಲ್ಲ) ಎಂದು ಬಂದರೆ ದೋಷ ಮನೆಯೊಳಗೇ ಇದೆ. ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಪಿಂಗ್ ಓಡುತ್ತಿರುವಾಗಲೇ ಕೇಬಲಿನ ತುದಿ ಮೆಲ್ಲಗೆ ಅಲುಗಿಸಿ. ಅಲುಗಿಸಿದಾಗ ಮಾತ್ರ ಉತ್ತರ ನಿಂತರೆ ಕಳ್ಳ ಸಿಕ್ಕಂತೆ.

ಎರಡನೆಯದು 8.8.8.8ಕ್ಕೆ, ಅದು ಹೊರಗಿನ ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್. ಗೇಟ್‌ವೇ ಸರಿಯಿದ್ದು ಇದು ಬರದಿದ್ದರೆ ತೊಂದರೆ ರೂಟರಿನಿಂದಾಚೆ.

ಮೂರನೆಯದು ಗೂಗಲ್ ಡಾಟ್ ಕಾಮ್‌ನಂಥ ಹೆಸರಿಗೆ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್, ಅಂದರೆ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ, ಕೆಟ್ಟಿದೆ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಅನ್ನು ಮ್ಯಾನುಯಲ್ ಮಾಡಿ 1.1.1.1 ಮತ್ತು 8.8.8.8 ಕೊಡಿ. ರೂಟರಿನಲ್ಲಿ ಬದಲಿಸುವ ಗೋಜಿಗೆ ಈಗಲೇ ಹೋಗಬೇಡಿ.

ಒಂದು ಮೋಸವಿದೆ. ಪಿಂಗ್ ನಿಲ್ಲಿಸಿದಾಗ ಕೊನೆಗೆ ಬರುವ 0% ಲಾಸ್ (ಯಾವ ಉತ್ತರವೂ ತಪ್ಪಿಲ್ಲ) ಎಂಬ ಲೆಕ್ಕವನ್ನೇ ನಂಬಿ ಕೂರಬೇಡಿ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' (ಆ ವಿಳಾಸ ತಲುಪಲಾಗುತ್ತಿಲ್ಲ) ಎಂಬ ಸಾಲುಗಳನ್ನೂ ವಿಂಡೋಸ್ ಬಂದ ಉತ್ತರವೆಂದೇ ಎಣಿಸುತ್ತದೆ. ಸಾಲುಗಳನ್ನು ಒಂದೊಂದಾಗಿ ಓದಿ.

4. ಪಿಂಗ್ ಸರಿ, ಪುಟ ತೆರೆಯುತ್ತಿಲ್ಲ

ಮೊದಲು ಗಡಿಯಾರ ನೋಡಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಆಗ ಬ್ಯಾಂಕ್, ಮೇಲ್ ಎಲ್ಲ ಕಡೆಯೂ ಬ್ರೌಸರ್ ಕನೆಕ್ಷನ್ ಸುರಕ್ಷಿತವಲ್ಲ ಎಂದು ಹಟ ಹಿಡಿಯುತ್ತದೆ. ವಾಚ್ ಅಂಗಡಿಯಲ್ಲೂ ಸಿಗುವ ಅಗ್ಗದ ಸೆಲ್ ಅದು. ತಾರೀಖು ಸರಿಯಿದ್ದರೆ ಪ್ರಾಕ್ಸಿ (ನೆಟ್ಟನ್ನು ನಡುವಿನ ಬೇರೊಂದು ಸರ್ವರಿನ ಮೂಲಕ ಹಾಯಿಸುವ) ಸೆಟ್ಟಿಂಗ್ ನೋಡಿ. ತೆಗೆದುಹಾಕಿದ ವಿಪಿಎನ್ ಕೆಲವೊಮ್ಮೆ ಅದನ್ನು ಆನ್ ಮಾಡಿಟ್ಟೇ ಹೋಗಿರುತ್ತದೆ. ನೆಟ್ ಸ್ಪೀಡ್ ಬೂಸ್ಟರ್, ಡ್ರೈವರ್ ಅಪ್‌ಡೇಟರ್ ಹೆಸರಿನ ಪುಕ್ಕಟೆ ಪ್ರೋಗ್ರಾಮುಗಳನ್ನಂತೂ ಹತ್ತಿರ ಸೇರಿಸಬೇಡಿ.

5. ಬಂದು ಹೋಗಿ ಮಾಡುತ್ತಿದ್ದರೆ

ಲ್ಯಾನ್ ಕೇಬಲಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಟೇಪ್ ಸುತ್ತಬೇಡಿ, ಹೊಸ ಪ್ಲಗ್ ಕ್ರಿಂಪ್ ಮಾಡಿಸಿ. ಕೇಬಲ್ ಕೊಳ್ಳುವಾಗ ಸಿಸಿಎ ಎಂದಿದ್ದರೆ ವಾಪಸ್ ಕೊಡಿ. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ. 1000 ಎಂಬಿಪಿಎಸ್ ತೋರಿಸುತ್ತಿದ್ದ ಲಿಂಕ್ ಸ್ಪೀಡ್ 100ಕ್ಕೆ ಇಳಿದಿದ್ದರೆ ಎಂಟು ಎಳೆಗಳಲ್ಲಿ ಒಂದು ಕೈಕೊಟ್ಟಿರುವ ಸಾಧ್ಯತೆ ಹೆಚ್ಚು.

ಯುಎಸ್‌ಬಿ ವೈಫೈ ಡಾಂಗಲ್ ಅನ್ನು ಸಿಪಿಯು ಹಿಂದೆ ನೀಲಿ ಪೋರ್ಟುಗಳ ಪಕ್ಕದಲ್ಲಿ ಸಿಕ್ಕಿಸಬೇಡಿ, ಯುಎಸ್‌ಬಿ 3.0 ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಬರುತ್ತದೆ. ಒಂದು ಮೀಟರಿನ ಎಕ್ಸ್‌ಟೆನ್ಷನ್ ವೈರಿನಿಂದ ಮೇಜಿನ ಮೇಲೆ ತನ್ನಿ. ಆದರೂ, ಒಂದೇ ಜಾಗದಲ್ಲಿ ಕೂರುವ ಕಂಪ್ಯೂಟರಿಗೆ ಕೇಬಲ್ಲೇ ಸರಿ.

ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ಸೋತಿರಬಹುದು. ಹೊಸದರ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. 12 ವೋಲ್ಟಿನ ರೂಟರಿಗೆ 9 ವೋಲ್ಟಿನದನ್ನು ಸಿಕ್ಕಿಸಿದರೆ ದೀಪಗಳೇನೋ ಹತ್ತಬಹುದು, ಲೋಡ್ ಬಿದ್ದ ಕೂಡಲೇ ಕೈಬಿಡುತ್ತದೆ.

6. ದೂರು ಕೊಡುವಾಗ

"ನೆಟ್ ಬರ್ತಿಲ್ಲ" ಎಂದರೆ "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಎಂಬ ಉತ್ತರ ಸಿಗುತ್ತದೆ. ಬದಲಿಗೆ ಹೀಗೆ ಹೇಳಿ: "ರೀಸ್ಟಾರ್ಟ್ ಮಾಡಿ ಆಯ್ತು, ಎಲ್‌ಒಎಸ್ ಕೆಂಪಿಲ್ಲ. ಕೇಬಲ್‌ನಲ್ಲಿ ಗೇಟ್‌ವೇ ಪಿಂಗ್ ಸರಿಯಿದೆ, 8.8.8.8 ಟೈಮ್ಡ್ ಔಟ್." ಕಪ್ಪು ಕಿಟಕಿಯ ಫೋಟೊ ಹೊಡೆದಿಟ್ಟುಕೊಳ್ಳಿ, ದೂರಿನ ನಂಬರ್ ಬರೆದುಕೊಳ್ಳಿ. ಲೈನ್‌ಮನ್ ಬಂದರೆ ಮೀಟರಿನಲ್ಲಿ ಬೆಳಕಿನ ಮಟ್ಟ ಅಳೆಯಲು ಹೇಳಿ: ಅದು ಮೈನಸ್ 27 ಡಿಬಿಎಂಗಿಂತ (ಡಿಬಿಎಂ ಬೆಳಕಿನ ಬಲದ ಅಳತೆ) ಕೆಳಗಿದ್ದರೆ, ಅಂದರೆ ಮೈನಸ್ 28, 29 ಹೀಗಿದ್ದರೆ, ಪೆಟ್ಟಿಗೆ ಬದಲಿಸುವುದು ದಂಡ, ಜಾಯಿಂಟ್ ಸರಿಮಾಡಲೇಬೇಕು.