ಪರಿಸರ ಬಳಗದ ಹೊಣೆಗೆ ಹೆಸರು ಕೊಡುವ ಮೊದಲು

ಊರಿನ ಪರಿಸರ ಸಂಘದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸುವವರು ಹೇಗೋ ಸಿಗುತ್ತಾರೆ. ಕಾರ್ಯದರ್ಶಿಯ ಸ್ಥಾನದ ಮಾತು ಬಂದಾಗ ಮಾತ್ರ ಎಲ್ಲರಿಗೂ ಮನೆಯ ಕೆಲಸ ನೆನಪಾಗುತ್ತದೆ. ಹೊಣೆ ಹೊರಬೇಕೆಂಬ ಮನಸ್ಸು ನಿಜವಾಗಿಯೂ ಇರುವವರು ಕಾರ್ಯದರ್ಶಿಯ ಅಥವಾ ಖಜಾಂಚಿಯ ಕೆಲಸವನ್ನೇ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ ಸಂಘದ ದಿನನಿತ್ಯದ ನಡೆ ಇರುವುದು ನಡಾವಳಿ ಪುಸ್ತಕದಲ್ಲಿ ಮತ್ತು ನಗದು ಪುಸ್ತಕದಲ್ಲಿ.

ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷ ಪದವಿಯಿಲ್ಲದೆ ಒಂದು ಕೆಲಸವನ್ನು ಹಿಡಿದು ಪೂರೈಸಿರಬೇಕು. ಉತ್ತರ ಕನ್ನಡದಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಕರಾವಳಿಯವರಾದರೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ದಂಡೆಗಳಲ್ಲಿ ನಸುಕಿನ ಗಸ್ತು ಹೋಗಬಹುದು. ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕಾಗುವುದರಿಂದ, ಒಂದು ಗೂಡನ್ನು ನಾಯಿಗಳಿಂದ ಕಾಯುವುದೆಂದರೆ ಎರಡು ತಿಂಗಳು ನಿದ್ದೆಗೆಡುವ ಸಿದ್ಧತೆ ಇರಬೇಕು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಆದ್ದರಿಂದ ಮೊಟ್ಟೆಯನ್ನು ಸ್ವಂತ ಬುದ್ಧಿಯಿಂದ ಬೇರೆಡೆಗೆ ಸಾಗಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಅವರ ಜೊತೆಗೂಡಿಯೇ ಕೆಲಸ ಮಾಡಬೇಕು. ಘಟ್ಟದ ಮೇಲಿನವರಾದರೆ ಶಿರಸಿ, ಸಿದ್ದಾಪುರದ ಕಡೆ ಕೆರೆಯ ಹೂಳು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಬೇಲಿ, ಬೇಸಿಗೆಯ ಕಾಡ್ಗಿಚ್ಚಿನ ಕಾವಲು ಎಂದು ಕೆಲಸ ಕಾದೇ ಇರುತ್ತದೆ.

ಪರಿಸರ ದಿನವಾದ ಜೂನ್ 5ರಂದು ನೆಟ್ಟ ಗಿಡದ ಫೋಟೋ ಎಲ್ಲರ ಬಳಿಯೂ ಇರುತ್ತದೆ. ಅದೇ ಗಿಡಕ್ಕೆ ಏಪ್ರಿಲ್‌ನಲ್ಲಿ ಕೊಡದಿಂದ ನೀರು ಹೊತ್ತವರು ಯಾರು ಎಂದು ವಿಚಾರಿಸಿದರೆ ಸಂಘದಲ್ಲಿ ಯಾರನ್ನು ನಂಬಬಹುದೆಂದು ತಿಳಿಯುತ್ತದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಪದ್ಮಶ್ರೀ ಪಡೆಯುವುದಕ್ಕೆ ದಶಕಗಳ ಮೊದಲಿನಿಂದ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಮಾಡುತ್ತಿದ್ದುದು ಬೀಜ ಆರಿಸುವ, ಸಸಿ ಸಾಕುವ ಕೆಲಸವನ್ನೇ.

ಹೆಸರು ಕೊಡುವ ಮುನ್ನ ಸಂಘದ ಬೈಲಾ ಓದಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಅಡಿಯಲ್ಲಿ ನೋಂದಾಯಿತವಾದ ಸಂಘವು ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಎಷ್ಟು ವರ್ಷದ ಪಟ್ಟಿ ಬಾಕಿಯಿದೆ, ಬ್ಯಾಂಕ್ ಖಾತೆಗೆ ಯಾರ ಸಹಿ ಇದೆ, ರಶೀದಿ ಪುಸ್ತಕಗಳು ಎಲ್ಲಿವೆ ಎಂಬ ಮೂರು ಪ್ರಶ್ನೆಗಳನ್ನು ಹಿಂದಿನವರಿಗೆ ಸಂಕೋಚವಿಲ್ಲದೆ ಕೇಳಿ. ಇದನ್ನು ಅವಿಶ್ವಾಸವೆಂದು ತಿಳಿದು ಮುನಿಸಿಕೊಳ್ಳುವವರಿದ್ದಾರೆ. ಆದರೆ ಬಾಕಿ ಬಿದ್ದ ಲೆಕ್ಕವನ್ನು ಪರಿಶೀಲಿಸದೆ ಒಪ್ಪಿಕೊಂಡರೆ ಮುಂದಿನ ವರ್ಷ ಉತ್ತರ ಹೇಳಬೇಕಾದವರು ನೀವೇ ಆಗುತ್ತೀರಿ, ಆಗ ಮುನಿಸಿಕೊಂಡವರು ಸಭೆಯಲ್ಲಿ ಇರುವುದಿಲ್ಲ.

ನಿಮ್ಮ ಇಚ್ಛೆಯನ್ನು ಬಾಯಿಮಾತಿನಲ್ಲಿ ಬಿಡದೆ ಒಂದು ಪುಟದಲ್ಲಿ ಬರೆದು ಕೊಡಿ. ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ, ಯಾವ ಕೆಲಸ ನಿಮ್ಮಿಂದಾಗದು, ಎಷ್ಟು ವರ್ಷ ಮುಂದುವರಿಯುವಿರಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ನಿಮ್ಮ ಸೋದರಮಾವನಿಗೆ ಚಿರೆಕಲ್ಲಿನ ಕ್ವಾರಿ ಇದ್ದರೆ, ಅಣ್ಣ ಮರಳಿನ ವ್ಯವಹಾರದಲ್ಲಿದ್ದರೆ, ಮನೆಯವರೇ ಅರಣ್ಯ ಭೂಮಿಯ ಅತಿಕ್ರಮಣದ ಸಕ್ರಮಕ್ಕೆ ಅರ್ಜಿ ಹಾಕಿದ್ದರೆ, ಅದನ್ನೂ ಅದೇ ಪುಟದಲ್ಲಿ ಬರೆಯುವುದು ಲೇಸು. ಈ ಜಿಲ್ಲೆಯಲ್ಲಿ ಕಾಡಿನ ಅಥವಾ ಹೊಳೆಯ ಜೊತೆ ಜೀವನೋಪಾಯದ ನಂಟಿಲ್ಲದ ಮನೆ ಕಡಿಮೆ, ಹಾಗಾಗಿ ಅಂಥ ಸಂಬಂಧವಿದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ಅದು ಮೂರನೆಯವರ ಬಾಯಿಂದ ಸಭೆಗೆ ಗೊತ್ತಾದರೆ ಮಾತ್ರ ಸಂಘದ ಮೇಲಿನ ನಂಬಿಕೆ ಕೆಡುತ್ತದೆ.

ಸಭೆಯ ದಿನವನ್ನು ಊರಿನ ದುಡಿಮೆ ನೋಡಿ ಗೊತ್ತುಮಾಡಬೇಕು. ನಾನು ಹೊಸದಾಗಿ ಕಾರ್ಯದರ್ಶಿಯಾದಾಗ ಘಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಜನವರಿಯ ಭಾನುವಾರ ಸಭೆ ಕರೆದೆ, ಬಂದವರು ನಾಲ್ವರು. ಅಡಿಕೆಯ ಗೊನೆ ಕೊಯ್ಯುವ ಸಮಯದಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಗಡಿಬಿಡಿ ಇರುತ್ತದೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ, ದಿನಾಂಕ ಬರೆಯುವಾಗ ಲಕ್ಷ್ಯಕ್ಕೆ ಬರಲಿಲ್ಲ, ಅಷ್ಟೆ. ಮೀನುಗಾರರ ಜೊತೆ ಮಾತನಾಡಬೇಕಿದ್ದರೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಅವರಿಗೆ ಬಿಡುವು ಸಿಗುತ್ತದೆ. ಭಾಷೆಯೂ ಅಷ್ಟೇ ಮುಖ್ಯ. ಕಾರವಾರದ ದಂಡೆಯಲ್ಲಿ ಚರ್ಚೆ ಕೊಂಕಣಿಗೆ ಹೊರಳಿದಾಗ ಅದನ್ನು ತಡೆಯದೆ, ಕೊನೆಗೆ ನಿರ್ಣಯವನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಾಕು.

ಕಾನೂನನ್ನು ಪೂರ್ತಿ ಕಲಿಯುವ ಅಗತ್ಯವಿಲ್ಲ, ಆದರೆ ಮೂರು ದಾರಿಗಳು ಗೊತ್ತಿರಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಮತ್ತು ಅದು ಊರಿನ ಸಸ್ಯ, ಪ್ರಾಣಿಗಳ ವಿವರವಿರುವ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತೆಂದು ಕೇಳುವುದರಿಂದಲೇ ಕೆಲಸ ಆರಂಭಿಸಬಹುದು.

ಮೂರನೆಯದು, ಯೋಜನೆಯೊಂದಕ್ಕೆ ಪರಿಸರ ಅನುಮತಿ ಕೊಡುವ ಮೊದಲು ಜನರ ಅಭಿಪ್ರಾಯ ಕೇಳುವ ಸಾರ್ವಜನಿಕ ಅಹವಾಲು ಸಭೆ. ಇದರಲ್ಲಿ ಸಂಘಗಳು ಎಡವುವುದೇ ಹೆಚ್ಚು, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ, ಅಹವಾಲು ಕೇಳಬೇಕಾದ ಯೋಜನೆಗಳಿಗೆ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ದರ್ಜೆಯವರು ಸಭೆಯ ಅಧ್ಯಕ್ಷತೆ ವಹಿಸಬೇಕು, ನಡಾವಳಿಯ ವಿಡಿಯೋ ಚಿತ್ರೀಕರಣವಾಗಬೇಕು. ಈ 30 ದಿನಗಳಲ್ಲಿ ಘೋಷಣೆ ಕೂಗುವವರಿಗಿಂತ ಸಾರಾಂಶವನ್ನು ಓದಿ, ತಮ್ಮ ಊರಿನ ಹೊಳೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆ ಅದರಲ್ಲಿ ಏನು ಬಿಟ್ಟುಹೋಗಿದೆಯೆಂದು ಗುರುತು ಹಾಕುವ ಇಬ್ಬರು ಬೇಕು. ಚಿಪ್ಪಿಕಲ್ಲು ಆರಿಸುವ ಹೆಂಗಸರು ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಯಾವ ಜಾಗದಲ್ಲಿ, ಯಾವ ತಿಂಗಳು ಇಳಿಯುತ್ತಾರೆಂಬ ಅವರದೇ ಮಾತು ನಿಮ್ಮ ಆಕ್ಷೇಪಣೆಯಲ್ಲಿ ಸೇರಿದ್ದರೆ ಅದಕ್ಕೆ ತೂಕ ಬರುತ್ತದೆ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆಯೆಂಬುದನ್ನೂ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಒಮ್ಮೆ ನಾನು ಸ್ವೀಕೃತಿಯಿಲ್ಲದೆ ಕೊಟ್ಟು ಬಂದ ಹನ್ನೊಂದು ಪುಟಗಳು ಆ ಕಚೇರಿಗೆ ತಲುಪಿಯೇ ಇರಲಿಲ್ಲವಂತೆ.

ಇಷ್ಟೆಲ್ಲವನ್ನು ಒಬ್ಬರೇ ಮಾಡಲು ಹೊರಟರೆ ಎರಡನೇ ವರ್ಷಕ್ಕೆ ಸುಸ್ತಾಗುತ್ತೀರಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಕಾಡು ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿ ನಿಂತ ಅಪ್ಪಿಕೋ ಚಳವಳಿಯ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಆ ಚಳವಳಿ ಅಂದೇ ಮುಗಿಯದೆ ತಿಂಗಳು ದಾಟಿ ನಡೆಯಿತು, ಮನೆ, ಕೊಟ್ಟಿಗೆ, ತೋಟದ ಕೆಲಸವಿರುವ ಹಳ್ಳಿಗರಿಗೆ ಅದು ಸಾಧ್ಯವಾದುದು ಸರದಿಯಿಂದಲೇ ಇರಬೇಕೆಂದು ನನ್ನ ಊಹೆ. ಆದ್ದರಿಂದ ಮೊದಲ ಸಭೆಯಲ್ಲೇ ನಿಮ್ಮ ಜೊತೆ ಒಬ್ಬ ಸಹಕಾರ್ಯದರ್ಶಿಯನ್ನು, ಸಾಧ್ಯವಾದರೆ ಮೂವತ್ತರೊಳಗಿನವರನ್ನು, ನೇಮಿಸಿಕೊಳ್ಳಿ. ಪತ್ರವ್ಯವಹಾರದ ಪ್ರತಿಯೊಂದು ಕಾಗದವೂ ಅವರ ಕಣ್ಣಿಗೆ ಬೀಳಲಿ, ಕಚೇರಿಗೆ ಹೋಗುವಾಗ ಅವರೂ ಬರಲಿ, ಅಧಿಕಾರಿಗಳಿಗೆ ಅವರ ಮುಖ ಪರಿಚಯವಾಗಲಿ.

ಆಯ್ಕೆಯಾದ ವಾರದಲ್ಲೇ ಬ್ಯಾಂಕಿಗೆ ಹೋಗಿ ಸಭೆಯ ನಿರ್ಣಯದ ಪ್ರತಿ ಕೊಟ್ಟು ಸಹಿ ಬದಲಾಯಿಸಿಕೊಳ್ಳಿ, ಪುಸ್ತಕಗಳನ್ನು ಪಟ್ಟಿ ಮಾಡಿ ಇಬ್ಬರ ಸಹಿಯೊಂದಿಗೆ ವಶಕ್ಕೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕಪಾಟಿನ ಕಾಗದಕ್ಕೂ ಬೂಸ್ಟು ಹಿಡಿಯುವುದರಿಂದ, ಹಳೆಯ ನಡಾವಳಿಗಳ ಪುಟಗಳನ್ನು ಮೇ ತಿಂಗಳೊಳಗೆ ಫೋನಿನಲ್ಲಾದರೂ ಸ್ಕ್ಯಾನ್ ಮಾಡಿ ಸಹಕಾರ್ಯದರ್ಶಿಗೆ ಕಳುಹಿಸಿಡಿ.