ಎಎಲ್‌ಎಸ್ ಇದ್ದವರಿಗೆ ಇಮ್ಯುನಿಟಿ ಕಷಾಯ ಕೊಡುವ ಮೊದಲು

ನಮ್ಮ ಶಿರಸಿ ಕಡೆ ಯಾರಿಗಾದರೂ ಕೈಕಾಲು ಸೋಲತೊಡಗಿದರೆ ಮನೆಗೆ ಮೊದಲು ಬರುವುದು ಅಮೃತಬಳ್ಳಿ. ಅಪ್ಪಯ್ಯನಿಗೆ ಎಎಲ್‌ಎಸ್ ಎಂದು ಗೊತ್ತಾದಾಗ ನೆಂಟರು ಕಟ್ಟುಗಟ್ಟಲೆ ತಂದರು. ಇಮ್ಯುನಿಟಿ ಜಾಸ್ತಿಯಾದರೆ ಸೊರಗಿದ ತೋಳು ಮತ್ತೆ ತುಂಬುತ್ತದೆ ಎಂದು ಅವರ ನಂಬಿಕೆ. ನಾನು ಕೊಡಲಿಲ್ಲ.

ಈ ಕಾಯಿಲೆಯಲ್ಲಿ ಮಿದುಳು, ಬೆನ್ನುಹುರಿಯ ಮೋಟಾರ್ ನರಕೋಶಗಳು ಸಾಯುತ್ತವೆ. ಅವುಗಳಿಂದ ಸೂಚನೆ ಬರದ ಸ್ನಾಯು ಕರಗುತ್ತದೆ. ಅಲ್ಲೇ ಮೈಕ್ರೋಗ್ಲಿಯಾ ಎಂಬ, ಇಮ್ಯುನಿಟಿಯ ಕಾವಲು ಕೋಶಗಳಿವೆ. ಶುರುವಿನಲ್ಲಿ ಅವು ನರಕೋಶಕ್ಕೆ ನೆರವಾಗುತ್ತವೆ. ಆಮೇಲೆ ಉರಿಯೂತದ ರಾಸಾಯನಿಕ ಬಿಟ್ಟು, ಉಳಿದವಕ್ಕೂ ಪೆಟ್ಟು ಕೊಡುತ್ತವೆ. ಇದನ್ನು ಹತೋಟಿಯಲ್ಲಿಡುವ ಟಿ-ರೆಗ್ ಕೋಶಗಳು, ಕಾಯಿಲೆ ಬೇಗ ಏರುವವರಲ್ಲಿ ಕಡಿಮೆ ಕಂಡುಬಂದಿವೆ. ಅಂದಮೇಲೆ ಇಮ್ಯುನಿಟಿಯನ್ನು ಸುಮ್ನೆ ಕೆರಳಿಸಿ ಏನು ಲಾಭ, ಅಲ್ವಾ? ಹಾಗಂತ ಅದನ್ನು ಅಡಗಿಸುವ ಮದ್ದುಗಳನ್ನೂ ಪ್ರಯೋಗಿಸಿ ನೋಡಿದ್ದಾರೆ. ರೋಗ ನಿಲ್ಲಲಿಲ್ಲ.

ಒಂದು ವಿಷಯ ಮಾತ್ರ ಡಾಕ್ಟರ ಹತ್ತಿರ ಕೇಳಲೇಬೇಕು. ಮಲ್ಟಿಫೋಕಲ್ ಮೋಟಾರ್ ನ್ಯೂರೋಪಥಿ ಅಂತ ಇನ್ನೊಂದು ಕಾಯಿಲೆ ಇದೆ. ನೋಡಲು ಹೀಗೇ, ಆದರೆ ಅದು ನಿಜಕ್ಕೂ ಇಮ್ಯುನಿಟಿಯ ಕಾಯಿಲೆ. ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು) ಕೊಟ್ಟರೆ ಬಹಳ ಜನರಿಗೆ ಶಕ್ತಿ ಮರಳುತ್ತದೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ನಿಮ್ಹಾನ್ಸಿಗೋ ಹೋಗುವಾಗ ಚೀಟಿಯಲ್ಲಿ ಬರೆದುಕೊಂಡು ಹೋಗಿ: 'ನರ ಪರೀಕ್ಷೆಯಲ್ಲಿ ಕಂಡಕ್ಷನ್ ಬ್ಲಾಕ್ ಇದೆಯೇ?' ಅಂದರೆ, ನರದಲ್ಲಿ ಹೋಗುವ ಸೂಚನೆ ನಡುವೆ ಎಲ್ಲಾದರೂ ತಡೆಯುತ್ತಿದೆಯೇ ಅಂತ.

ಇನ್ನು ಲಿವರ್. ಎಎಲ್‌ಎಸ್‌ಗೆ ಕೊಡುವ ರಿಲುಜೋಲ್ ಎಂಬ ಮದ್ದು ಸಾಮಾನ್ಯವಾಗಿ 50 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಊಟಕ್ಕೆ ಒಂದು ತಾಸು ಮೊದಲು, ಇಲ್ಲವೇ ಎರಡು ತಾಸು ಆದಮೇಲೆ ಕೊಡಿ. ಅದು ಲಿವರಿಗೆ ತೊಂದರೆ ಕೊಡಬಹುದು, ಹಾಗಾಗಿ ಮೊದಲ 3 ತಿಂಗಳು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಎರಡೂ ಒಟ್ಟಿಗೆ ಕೊಟ್ಟು ಲಿವರ್ ಏರುಪೇರಾದರೆ, ಯಾವುದರಿಂದ ಆಯಿತೆಂದು ಹೇಗೆ ಹೇಳುತ್ತೀರಿ? ಕೊಡಲೇಬೇಕೆಂದು ಮನೆಯಲ್ಲಿ ಹಟವಿದ್ದರೆ ಡಾಕ್ಟರಿಗೆ ಹೇಳಿಯೇ ಕೊಡಿ. ಮುಚ್ಚಿಡಬೇಡಿ.

ನೆಂಟರ ಹತ್ತಿರ ವಾದ ಬೇಡ. 'ಎರಡು ತಾಸು ಅಪ್ಪಯ್ಯನ ಹತ್ತಿರ ಕೂತ್ಕೊಳ್ಳಿ, ತೋಟಕ್ಕೆ ಹೋಗಿ ಬರ್ತೆ' ಅನ್ನಿ. ಬೇಡ ಅನ್ನುವವರು ಕಡಿಮೆ. ಶೀತ, ಕೆಮ್ಮು ಇದ್ದವರನ್ನು ಮಾತ್ರ ಜಗಲಿಯಲ್ಲೇ ಕೂರಿಸಿ. ಫ್ಲೂ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಕೇಳಿ.

ನುಂಗುವುದು ಕಷ್ಟವಾಗಿದ್ದರೆ ಕಷಾಯವೇ ಅಪಾಯ. ನೀರಿನಂಥದ್ದು ಶ್ವಾಸನಾಳಕ್ಕೆ ಬೇಗ ಜಾರುತ್ತದೆ. ಅಪ್ಪೆಹುಳಿಯೂ ಅಷ್ಟೇ, ಜೊತೆಗೆ ಖಾರ ಬೇರೆ. ಎಷ್ಟು ಮಂದ ಇರಬೇಕೆಂದು ಸ್ಪೀಚ್ ಥೆರಪಿಸ್ಟ್ ಹತ್ತಿರ ಮೊದಲೇ ತೋರಿಸಿಕೊಳ್ಳಿ. ನಮ್ಮಲ್ಲಿ ತಂಬುಳಿಯನ್ನು ಗಟ್ಟಿ ಮೊಸರಲ್ಲಿ ಮಾಡಿ ಚಮಚದಲ್ಲಿ ಕೊಡುತ್ತೇವೆ.