ಹುಬ್ಬಳ್ಳಿ–ಧಾರವಾಡ ರಸ್ತೆಯ ಇಂಗಾಲದ ಲೆಕ್ಕ: ತಲೆ ಎಣಿಸುವುದರಿಂದ ಶುರು

ಅವಳಿ ನಗರದ ಓಡಾಟದಿಂದ ಎಷ್ಟು ಇಂಗಾಲ ಗಾಳಿ ಸೇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮೊದಲು ಆರ್‌ಟಿಒ ನೋಂದಣಿಯ ಅಂಕಿ ಹುಡುಕುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೆಎ–25 ಮತ್ತು ಕೆಎ–63 ಎರಡನ್ನೂ ಕೂಡಿಸಿದರೆ ಇದುವರೆಗೆ ನೋಂದಣಿಯಾದ ಗಾಡಿಗಳ ಮೊತ್ತ ಸಿಗುತ್ತದೆ. ಗುಜರಿ ಸೇರಿದ ಎಷ್ಟೋ ಸ್ಕೂಟರುಗಳು ಆ ಪಟ್ಟಿಯಲ್ಲಿ ಇನ್ನೂ ಜೀವಂತವಾಗಿರುತ್ತವೆ. ಇಲ್ಲಿ ನೋಂದಣಿಯಾಗಿ ಬೆಂಗಳೂರಿನಲ್ಲಿ ಓಡುವ ಕಾರು ಸೇರುತ್ತದೆ, ದಿನಾ ಇಲ್ಲಿಗೆ ಬಂದುಹೋಗುವ ಹಾವೇರಿ, ಗದಗದ ಗಾಡಿ ಬಿಟ್ಟುಹೋಗುತ್ತದೆ. ಹಾಗಾಗಿ ನನ್ನ ಕೆಲಸ ರಸ್ತೆ ಬದಿಯ ಎಣಿಕೆಯಿಂದ ಶುರುವಾಗುತ್ತದೆ.

ಎಣಿಕೆಗೆ ಉಣಕಲ್ ಮತ್ತು ನವಲೂರಿನ ಆಸುಪಾಸು ರಸ್ತೆಗೆ ಅಡ್ಡಲಾಗಿ ಎರಡು ಗೆರೆ ಎಳೆದುಕೊಳ್ಳುತ್ತೇನೆ. ಸಿಗ್ನಲ್‌ನಿಂದಲೂ ಬಸ್ ನಿಲ್ದಾಣದಿಂದಲೂ ಕನಿಷ್ಠ 150 ಮೀಟರ್ ದೂರವಿರಬೇಕು, ಇಲ್ಲದಿದ್ದರೆ ನಿಂತು ಹೊರಡುವ ಗಾಡಿಗಳು ಒಂದಕ್ಕೊಂದು ಮರೆಯಾಗಿ ಎಣಿಕೆ ತಪ್ಪುತ್ತದೆ. ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ, ಜೊತೆಗೆ ಒಂದು ಭಾನುವಾರ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 15 ನಿಮಿಷದ ಕಂತುಗಳಲ್ಲಿ ಎಣಿಸುತ್ತೇವೆ. ಒಬ್ಬರಿಗೆ ಒಂದೇ ದಿಕ್ಕು, ಹೆಚ್ಚೆಂದರೆ ಎರಡು ಬಗೆಯ ಗಾಡಿ. ನಡುವಿನ ಬಿಆರ್‌ಟಿಎಸ್ (ಬಸ್ಸಿಗೆಂದೇ ಮೀಸಲಾದ ತ್ವರಿತ ಸಾರಿಗೆ) ಪಥಕ್ಕೆ ಬೇರೆ ಹಾಳೆ, ಪಕ್ಕದ ಮಿಶ್ರ ಪಥಕ್ಕೆ ಬೇರೆ. ಮೊಬೈಲ್‌ನಲ್ಲಿ ವಿಡಿಯೊವನ್ನೂ ತೆಗೆದಿಟ್ಟು, ಹತ್ತರಲ್ಲಿ ಒಂದು ಕಂತನ್ನು ಬೇರೊಬ್ಬರಿಂದ ಮರುಎಣಿಕೆ ಮಾಡಿಸುತ್ತೇನೆ. ವ್ಯತ್ಯಾಸ ಶೇ 5 ದಾಟಿದರೆ ಆ ವ್ಯಕ್ತಿ ಎಣಿಸಿದ ಇಡೀ ಹಾಳೆಯನ್ನು ವಿಡಿಯೊ ನೋಡಿ ಮತ್ತೆ ತುಂಬಬೇಕು.

ಗಾಡಿ ಎಣಿಸುವುದು ಸುಲಭ. ಒಳಗಿರುವ ಜನರನ್ನು ಎಣಿಸದೆ ಬಿಡುವುದೇ ಇಂಥ ಅಧ್ಯಯನಗಳ ದೊಡ್ಡ ಕೊರತೆ. ಬೈಕಿನಲ್ಲಿ ಟ್ಯಾಂಕಿನ ಮೇಲೆ ಕೂತ ಮಗುವನ್ನೂ ಒಂದು ತಲೆ ಎಂದೇ ಬರೆಯಬೇಕು. ಬಸ್ಸಿಗೆ ಐದು ಗುರುತು ಇಟ್ಟುಕೊಳ್ಳುತ್ತೇನೆ: ಬಹುತೇಕ ಖಾಲಿ, ಅರ್ಧ ಸೀಟು, ಪೂರ್ತಿ ಸೀಟು, ನಡುವೆ ನಿಂತವರು, ಬಾಗಿಲವರೆಗೂ ಜನ. ಈ ಗುರುತುಗಳಿಗೆ ಕೋಣೆಯಲ್ಲಿ ಕೂತು ಅಂದಾಜಿನ ಸಂಖ್ಯೆ ಕೊಟ್ಟರೆ ಇಡೀ ಲೆಕ್ಕ ಕೆಡುತ್ತದೆ. ಒಬ್ಬರು ಹೊರಗೆ ನಿಂತು ಗುರುತು ಹಾಕಬೇಕು, ಇನ್ನೊಬ್ಬರು ಅದೇ ಬಸ್ಸಿನೊಳಗೆ ಕೂತು ತಲೆ ಎಣಿಸಬೇಕು. ಪ್ರತಿ ಗುರುತಿಗೂ ಇಂಥ 20 ಜೋಡಿ ಸಿಕ್ಕಮೇಲೆ ಸರಾಸರಿ ತೆಗೆಯುತ್ತೇನೆ. ಬಿಆರ್‌ಟಿಎಸ್ ಪಥದಲ್ಲಿ ಓಡುವ ‘ಚಿಗರಿ’ ಹವಾನಿಯಂತ್ರಿತ ಬಸ್ಸು, ಗಾಜಿನ ಪ್ರತಿಫಲನದಿಂದ ಒಳಗಿನ ಜನ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ನಿಲ್ದಾಣದಲ್ಲಿ ಹತ್ತಿದವರು, ಇಳಿದವರನ್ನು ಎಣಿಸುವುದೇ ಸರಿ.

ಟಿಕೆಟ್ ಹಣದಿಂದ ಜನಸಂಖ್ಯೆ ಕಂಡುಹಿಡಿಯುವ ಹಳೆಯ ದಾರಿಯನ್ನು ಸಾಮಾನ್ಯ ಬಸ್ಸುಗಳ ಮಟ್ಟಿಗೆ ಕೈಬಿಡಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಆದಾಯಕ್ಕೂ ಜನರ ಸಂಖ್ಯೆಗೂ ನೇರ ನಂಟು ಉಳಿದಿಲ್ಲ. ಅವರಿಗೆ ಕೊಡುವ ಶೂನ್ಯ ಟಿಕೆಟ್‌ನಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದು ಇರುವುದರಿಂದ ಅದು ಒಳ್ಳೆಯ ದತ್ತಾಂಶ, ಆದರೆ ವಿದ್ಯಾರ್ಥಿ ಪಾಸಿನವರು ಅದರಲ್ಲಿ ಬರುವುದಿಲ್ಲ. ಧಾರವಾಡದಂಥ ಓದಿನ ಊರಿನಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಕಂಡಕ್ಟರರ ಟಿಕೆಟ್ ಯಂತ್ರದ (ಇಟಿಎಂ) ಮಾಹಿತಿಯನ್ನು ಸಾರಿಗೆ ಸಂಸ್ಥೆಯಿಂದ ಕೇಳುವಾಗ ‘ಇಟಿಎಂ ದತ್ತಾಂಶ, ಸ್ಟೇಜ್‌ವಾರು, ಟ್ರಿಪ್‌ವಾರು, ಎಕ್ಸೆಲ್ ರೂಪದಲ್ಲಿ’ ಎಂದು ದಿನಾಂಕದ ಸಮೇತ ಬರೆಯಿರಿ. ಇಲ್ಲವಾದರೆ ಸ್ಕ್ಯಾನ್ ಮಾಡಿದ ಪುಟಗಳು ಬರುತ್ತವೆ, ಅವನ್ನು ಟೈಪ್ ಮಾಡುವುದರಲ್ಲೇ ತಿಂಗಳು ಕಳೆಯುತ್ತದೆ.

ತಲೆ ಎಣಿಕೆ ಯಾಕೆ ಇಷ್ಟು ಮುಖ್ಯ ಎಂಬುದು ಲೆಕ್ಕಕ್ಕೆ ಕೂತಾಗ ಗೊತ್ತಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೊ, ಪೆಟ್ರೋಲ್ ಉರಿದರೆ 2.27 ಕಿಲೊ ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಕೊಡುವ ಬೈಕು ಕಿ.ಮೀ.ಗೆ 50 ಗ್ರಾಂ ಬಿಡುತ್ತದೆ. ಸರಾಸರಿ 1.3 ಜನ ಎಂದಿಟ್ಟುಕೊಂಡರೆ ತಲೆಗೆ 39 ಗ್ರಾಂ. ಲೀಟರಿಗೆ 4 ಕಿ.ಮೀ. ಓಡುವ ಬಸ್ಸಿನದು ಕಿ.ಮೀ.ಗೆ 660 ಗ್ರಾಂ. ಅದರಲ್ಲಿ 30 ಜನರಿದ್ದರೆ ತಲೆಗೆ 22 ಗ್ರಾಂ, 12 ಜನರಿದ್ದರೆ 55. ಅಂದರೆ ಬಸ್ಸು ಬೈಕಿಗಿಂತ ಮೇಲಾಗಬೇಕಾದರೆ ದಿನದ ಸರಾಸರಿಯಲ್ಲಿ 17 ಜನ ಒಳಗಿರಲೇಬೇಕು. ಲೀಟರಿಗೆ 3 ಕಿ.ಮೀ. ಕೊಡುವ ಹವಾನಿಯಂತ್ರಿತ ಬಸ್ಸಿಗೆ ಆ ಗಡಿ 23ಕ್ಕೆ ಏರುತ್ತದೆ. ಮೈಲೇಜನ್ನು ಕಂಪನಿಯ ಕರಪತ್ರದಿಂದ ಎತ್ತಿಕೊಳ್ಳಬೇಡಿ, ಡಿಪೊದ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಪುಸ್ತಕದಿಂದಲೇ ಬರೆದುಕೊಳ್ಳಿ. ಡಿಪೊದಿಂದ ಮೊದಲ ನಿಲ್ದಾಣಕ್ಕೆ ಖಾಲಿ ಓಡುವ ಕಿಲೊಮೀಟರುಗಳನ್ನೂ ಸೇರಿಸಿ. ಈ ರಸ್ತೆಗೆ ಒಂದು ಅನುಕೂಲವಿದೆ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಕಾಲೇಜು ಮತ್ತು ಜಿಲ್ಲಾ ಕಚೇರಿಗಳ ಊರು. ಹೀಗಾಗಿ ಎರಡೂ ದಿಕ್ಕಿಗೆ ಜನರಿರುತ್ತಾರೆ, ಒಂದು ಕಡೆ ತುಂಬಿ ಹೋಗಿ ಖಾಲಿ ಮರಳುವ ಪಾಡು ಇಲ್ಲಿಯ ಬಸ್ಸುಗಳಿಗೆ ಅಷ್ಟಾಗಿ ಇಲ್ಲ.

ವಿದ್ಯುತ್ ಬಸ್ಸಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಹವಾನಿಯಂತ್ರಿತ 12 ಮೀಟರ್ ಬಸ್ಸಿಗೆ ಕಿ.ಮೀ.ಗೆ 1.3 ಯೂನಿಟ್ ಹಿಡಿದು, ದೇಶದ ಗ್ರಿಡ್‌ನ ಸರಾಸರಿ ಯೂನಿಟ್‌ಗೆ ಸುಮಾರು 0.72 ಕಿಲೊ ಎಂದಿಟ್ಟುಕೊಂಡರೆ 940 ಗ್ರಾಂ ಬರುತ್ತದೆ. ಇದನ್ನು ಹವಾನಿಯಂತ್ರಣವಿಲ್ಲದ ಡೀಸೆಲ್ ಬಸ್ಸಿನ ಜೊತೆ ಹೋಲಿಸಿ ‘ವಿದ್ಯುತ್ ಬಸ್ಸು ವ್ಯರ್ಥ’ ಎನ್ನುವುದು ತಪ್ಪು. ಕರ್ನಾಟಕದಲ್ಲಿ ಸೌರ, ಪವನ, ಜಲವಿದ್ಯುತ್ ಹೇರಳವಾಗಿದೆ ಎಂದು ಸೊನ್ನೆ ಹಾಕುವುದೂ ತಪ್ಪು, ಏಕೆಂದರೆ ಗ್ರಿಡ್ ದೇಶಕ್ಕೆಲ್ಲ ಒಂದೇ. ನಾನು ಹವಾನಿಯಂತ್ರಿತ ಬಸ್ಸನ್ನು ಹವಾನಿಯಂತ್ರಿತ ಬಸ್ಸಿನ ಜೊತೆಗೇ ಇಡುತ್ತೇನೆ. ರಸ್ತೆಯ ಮೇಲೆ ಹೊಗೆ ಇಲ್ಲದಿರುವ ಲಾಭವನ್ನು ಬೇರೆ ಅಂಕಣದಲ್ಲಿ ಬರೆಯುತ್ತೇನೆ. ಅದು ಜನರ ಶ್ವಾಸಕೋಶದ ಲೆಕ್ಕ, ಇಂಗಾಲದ ಜೊತೆ ಬೆರೆಸಿದರೆ ಎರಡೂ ಮಸುಕಾಗುತ್ತವೆ.

ಇನ್ನು, ಬಿಆರ್‌ಟಿಎಸ್‌ನಿಂದ ಉಳಿತಾಯವೆಷ್ಟು? ಚಿಗರಿ ಹತ್ತಿದವರೆಲ್ಲ ಬೈಕು ಬಿಟ್ಟು ಬಂದವರೆಂದು ಎಣಿಸಿದ ವರದಿಗಳನ್ನು ನಾನು ಒಪ್ಪುವುದಿಲ್ಲ. ಅನೇಕರು ಮುಂಚೆಯೂ ಬಸ್ಸಿನಲ್ಲೇ ಬರುತ್ತಿದ್ದವರು, ಅವರಿಂದ ಉಳಿತಾಯ ಬಹುಮಟ್ಟಿಗೆ ಇಲ್ಲ. ನಿಲ್ದಾಣದಿಂದ ಹೊರಬರುವ ಪ್ರತಿ ಐದನೆಯವರನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಇದು: “ಈ ಬಸ್ ಇರಲಿಲ್ಲಂದ್ರ ಇವತ್ತ ಹ್ಯಾಂಗ ಬರ್ತಿದ್ರಿ?” ‘ಮೊದಲು ಹೇಗೆ ಬರುತ್ತಿದ್ದಿರಿ’ ಎಂದು ಕೇಳಿದರೆ ಹೊಸದಾಗಿ ಕಾಲೇಜು ಸೇರಿದವರ ಬಳಿ ಉತ್ತರವೇ ಇರುವುದಿಲ್ಲ. ಶೇ 5ರ ತಪ್ಪಿನೊಳಗೆ ಉತ್ತರ ಬೇಕಾದರೆ 384 ಜನ ಸಾಕು, ಅರ್ಧಕ್ಕೆ ಬಿಟ್ಟುಹೋಗುವವರನ್ನು ಹಿಡಿದು 450 ಇಟ್ಟುಕೊಳ್ಳುತ್ತೇನೆ. ಕೇಳುವವರ ತಂಡದಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ, ಇಲ್ಲದಿದ್ದರೆ ಹಾಳೆಯ ತುಂಬ ಗಂಡಸರ ಉತ್ತರಗಳೇ ಕೂಡುತ್ತವೆ.

ಬಿಆರ್‌ಟಿಎಸ್‌ಗೆ ಮುಂಚಿನ ಸ್ಥಿತಿಗೆ 2011ರ ಜನಗಣತಿಯ ಬಿ–28 ಕೋಷ್ಟಕ ಇದೆ, ಚಿಗರಿ ಓಡತೊಡಗಿದ್ದು 2018ರ ಅಕ್ಟೋಬರ್‌ನಲ್ಲಿ. ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತಾರೆ ಎಂಬುದು ಅದರಲ್ಲಿ ಸಿಗುತ್ತದೆ. ಆದರೆ ಅದು ‘ಇತರ ಕೆಲಸಗಾರರ’ ಲೆಕ್ಕ ಮಾತ್ರ. ರೈತರು, ಕೃಷಿ ಕೂಲಿಗಳು, ಮನೆ ಉದ್ಯಮದವರು, ವಿದ್ಯಾರ್ಥಿಗಳು, ಸಂತೆಗೆ ಹೋಗುವ ಹೆಂಗಸರು ಅದರಲ್ಲಿಲ್ಲ.

ಊರು ಬೆಳೆದದ್ದನ್ನು ಉಪಗ್ರಹ ಚಿತ್ರದಲ್ಲಿ ಅಳೆಯುವಾಗ ಈ ಸೀಮೆಯ ಮಣ್ಣು ಮೋಸ ಮಾಡುತ್ತದೆ. ಸುಗ್ಗಿ ಮುಗಿದ ಎರೆಹೊಲ ಬೇಸಿಗೆಯಲ್ಲಿ ಒಣಗಿ ಬಿರಿದಾಗ, ಕಟ್ಟಡ ಗುರುತಿಸುವ ಸೂಚ್ಯಂಕ ಅದನ್ನೂ ಕಟ್ಟಡ ಎಂದೇ ಓದುತ್ತದೆ. ಏಪ್ರಿಲ್‌ನ ಒಂದೇ ಚಿತ್ರ ನಂಬಿದರೆ ನವಲಗುಂದದ ಕಡೆಯ ಹೊಲಗಳೆಲ್ಲ ನಗರವಾಗಿಬಿಡುತ್ತವೆ. ವರ್ಷದ ಎಲ್ಲ ಮೋಡವಿಲ್ಲದ ಸೆಂಟಿನೆಲ್–2 ಉಪಗ್ರಹದ ಚಿತ್ರಗಳನ್ನು ಕೂಡಿಸಿ, ಪ್ರತಿ 10 ಮೀಟರ್ ಚೌಕದ ಅತ್ಯಧಿಕ ಹಸಿರನ್ನು ತೆಗೆಯುತ್ತೇನೆ. ಮುಂಗಾರಿನ ಹೆಸರುಕಾಳಿರಲಿ, ಹಿಂಗಾರಿನ ಕಡಲೆ, ಜೋಳವಿರಲಿ, ವರ್ಷದಲ್ಲಿ ಒಮ್ಮೆ ಚೆನ್ನಾಗಿ ಹಸಿರಾದ ಚೌಕ ಹೊಲ. ಪಾಳುಬಿದ್ದ ಲೇಔಟುಗಳು ಆಗಲೂ ಗೊಂದಲ ಮಾಡುತ್ತವೆ, ಅವನ್ನು ಕಣ್ಣಿನಿಂದಲೇ ನೋಡಿ ತಿದ್ದಬೇಕು.

ಬೆಳೆದ ಬಡಾವಣೆಗೆ ಬಸ್ಸು ಎಟಕುತ್ತದೆಯೇ ಎಂದು ನೋಡಲು ನಿಲ್ದಾಣದ ಸುತ್ತ 500 ಮೀಟರ್ ವೃತ್ತ ಎಳೆಯುವುದು ವಾಡಿಕೆ. ಜನ ವೃತ್ತದಲ್ಲಿ ನಡೆಯುವುದಿಲ್ಲ, ಬೀದಿಯಲ್ಲಿ ನಡೆಯುತ್ತಾರೆ. ಅಚ್ಚುಕಟ್ಟಾದ ಚೌಕಟ್ಟಿನ ಬೀದಿಗಳಿದ್ದರೂ 500 ಮೀಟರ್ ನಡಿಗೆಯಲ್ಲಿ ತಲುಪುವ ಜಾಗ ವೃತ್ತದ ಶೇ 64 ಮಾತ್ರ. ಕಾಂಪೌಂಡ್ ಗೋಡೆ, ಹಳ್ಳ, ರೈಲು ಹಳಿ ಅಡ್ಡ ಬಂದರೆ ಇನ್ನೂ ಕಡಿಮೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬೀದಿ ಜಾಲದ ಮೇಲೆ ದೂರ ಅಳೆಯಿರಿ. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ದಾಟಲು ಕಾಯುವ ಹೊತ್ತನ್ನೂ ಗಡಿಯಾರ ಹಿಡಿದು ಅಳೆದು ಸೇರಿಸಿ. ನಿಮಿಷಕ್ಕೆ 70–80 ಮೀಟರ್ ನಡಿಗೆ ಎಂದರೆ ಎರಡು ನಿಮಿಷದ ಕಾಯುವಿಕೆ 150 ಮೀಟರ್ ನುಂಗಿಹಾಕುತ್ತದೆ.

ಎಲ್ಲ ಮುಗಿದಮೇಲೆ ಪೆಟ್ರೋಲ್ ಮಾರಾಟದ ಜೊತೆ ತಾಳೆ ನೋಡುತ್ತೇನೆ. ಬಂಕುಗಳಲ್ಲಿ ಗಾಡಿಯವರನ್ನು ‘ತಿಂಗಳಿಗೆ ಎಷ್ಟು ಲೀಟರ್’ ಎಂದು ಕೇಳಬೇಡಿ. ಎಷ್ಟು ರೂಪಾಯಿ ಎಂಬುದೇ ಜನರ ನೆನಪಿನಲ್ಲಿರುವುದು, ಅದನ್ನು ಅಂದಿನ ದರದಿಂದ ಭಾಗಿಸಿ. ಡೀಸೆಲ್‌ನಲ್ಲಿ ಟ್ರ್ಯಾಕ್ಟರ್, ಜನರೇಟರ್, ಬೈಪಾಸ್ ಮೇಲೆ ಹಾದುಹೋಗುವ ಲಾರಿಗಳೂ ಸೇರುವುದರಿಂದ ಅದು ತಾಳೆಗೆ ಬಾರದು. ನನ್ನ ಲೆಕ್ಕದ ಪೆಟ್ರೋಲ್ ಮಾರಾಟಕ್ಕಿಂತ ಶೇ 15ಕ್ಕೂ ಹೆಚ್ಚಾದರೆ, ಬೈಕುಗಳ ದಿನದ ಓಟವನ್ನು ಹೆಚ್ಚು ಹಿಡಿದಿದ್ದೇನೆ ಎಂದು ಅರ್ಥ ಮಾಡಿಕೊಂಡು ಆ ಹಾಳೆಗಳನ್ನೇ ಮೊದಲು ತೆರೆಯುತ್ತೇನೆ.